ಇದ್ದಿಲು ಬಣ್ಣ ನುಂಗೀತು, ಉಪ್ಪನ್ನಲ್ಲ

ಗುಂಡ್ಲುಪೇಟೆಯಿಂದ ಚಾಮರಾಜನಗರದ ರಸ್ತೆ ಹಿಡಿದರೆ ನಡುವೆ ಸಿಗುವ ತೆರಕಣಾಂಬಿಗೆ ಎರಡು ಗುರುತುಗಳಿವೆ. ಶಾಸನ ಓದಿದವರಿಗೆ ಅದು ಕುಡುಗುನಾಡಿನ ರಾಜಧಾನಿ, ಹಳೆಯ ದೇಗುಲಗಳ ಊರು. ಲಾರಿಯವರಿಗೆ ಅದು ತರಕಾರಿ ಮಾರುಕಟ್ಟೆ. ಟೊಮೆಟೊ, ಕೋಸು, ಬೀನ್ಸ್, ಈರುಳ್ಳಿ ಇಲ್ಲಿಂದ ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತವೆ. ಮಾಲು ಹೋದ ಮೇಲೆ ಊರಿಗೆ ಉಳಿಯುವುದು ಕಸ. ಮಾರುಕಟ್ಟೆಯಲ್ಲಿ ಕೋಸಿನ ಸಿಪ್ಪೆ, ಕೊಳೆತ ಟೊಮೆಟೊ. ಹೊಲಗಳಲ್ಲಿ ಗೊನೆ ಕಡಿದ ಬಾಳೆದಿಂಡು, ಹತ್ತಿಕಡ್ಡಿ, ಜೋಳದ ಬೆಂಡು, ತೆಂಗಿನ ಗರಿ. ಬಂಡೀಪುರದ ಕಾಡಂಚಿನಲ್ಲಿ ಆಳೆತ್ತರಕ್ಕೆ ಹೆಣೆದು ನಿಂತ ಲಂಟಾನ.

ಈ ಕಸಕ್ಕೆ ಈಗ ಹೊಸ ಗಿರಾಕಿ ಹುಟ್ಟಿದೆ. ಸಸ್ಯತ್ಯಾಜ್ಯವನ್ನು ಗಾಳಿಯಾಡದಂತೆ ಸುಟ್ಟರೆ ಸಿಗುವ ಇದ್ದಿಲಿಗೆ ವಿಜ್ಞಾನಿಗಳು ಬಯೋಚಾರ್ ಎನ್ನುತ್ತಾರೆ. ಬಟ್ಟೆ, ನೂಲುಗಳಿಗೆ ಬಣ್ಣ ಹಾಕುವ ಘಟಕಗಳ ಕೊಳಚೆ ನೀರಿಗೆ ಇದನ್ನು ಬೆರೆಸಿದರೆ ಬಣ್ಣ ಇದ್ದಿಲಿಗೆ ಅಂಟಿಕೊಂಡು ನೀರು ತಿಳಿಯಾಗುತ್ತದೆ. ದೇಶದ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಿಂದ ಇದರ ಬಗ್ಗೆ ಪ್ರಬಂಧಗಳು ಬರುತ್ತಲೇ ಇವೆ. ಬಾಳೆ ಸಿಪ್ಪೆ, ಕಡಲೆಕಾಯಿ ಹೊಟ್ಟು, ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು, ಹೀಗೆ ಸುಟ್ಟು ನೋಡದ ಕಸವೇ ಇಲ್ಲ ಎನ್ನಬೇಕು. 'ಕಸದಿಂದ ರಸ' ಎಂದು ಇದನ್ನು ಹೊಗಳುವುದು ಸುಲಭ. ಆದರೆ ಮಳೆ ಕಡಿಮೆಯಿರುವ, ಕೊಳವೆಬಾವಿಗಳು ಆಳಕ್ಕಿಳಿದಿರುವ, ಕಬಿನಿಯಿಂದ ನೀರೆತ್ತಿ ಕೆರೆ ತುಂಬಿಸಿಕೊಳ್ಳುತ್ತಿರುವ ಸೀಮೆಯಲ್ಲಿ ಕುಳಿತು ಯೋಚಿಸುವವರು ಲೆಕ್ಕವನ್ನು ಕೊನೆಯ ಸಾಲಿನವರೆಗೂ ಹಾಕಿ ನೋಡಬೇಕಾಗುತ್ತದೆ.

ಬಣ್ಣ ಎಲ್ಲಿಂದ ಬರುತ್ತದೆ?

ಚಾಮರಾಜನಗರ ಜಿಲ್ಲೆಗೆ ಬಣ್ಣ ಹೊಸದಲ್ಲ. ಗುಂಡ್ಲುಪೇಟೆ ಸುತ್ತಿನ ರೈತರು ಕಾರ್ಖಾನೆಗಳೊಂದಿಗೆ ಒಪ್ಪಂದ ಮಾಡಿಕೊಂಡು ಬೆಳೆಯುವ ಚೆಂಡುಹೂವಿನಿಂದ ಹಳದಿ ಬಣ್ಣ ತೆಗೆಯುತ್ತಾರೆ. ಅರಿಶಿನವಂತೂ ಈ ಜಿಲ್ಲೆಯ ಹಳೆಯ ಬೆಳೆ. ಇನ್ನು ಕೊಳ್ಳೇಗಾಲ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಪಟ್ಟಣ ಇವತ್ತಿಗೂ ರೇಷ್ಮೆ ಸೀರೆಗೆ ಹೆಸರುವಾಸಿ. ಸೀರೆಯ ಹೊಳಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಆ ಹೊಳಪು ಬರುವ ಮೊದಲಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಹುರಿ ಮಾಡಿದ ರೇಷ್ಮೆ ಲಡಿಯನ್ನು ಮೊದಲು ಸೋಪು, ಸೋಡಾ ಹಾಕಿದ ಕುದಿನೀರಿನಲ್ಲಿ ಬೇಯಿಸುತ್ತಾರೆ. ಎಳೆಗೆ ಅಂಟಿಕೊಂಡಿರುವ ಸೆರಿಸಿನ್ ಎಂಬ ಗೋಂದು ಆಗ ಕರಗುತ್ತದೆ. ರೇಷ್ಮೆಯ ತೂಕದಲ್ಲಿ ಹತ್ತಿರ ಹತ್ತಿರ ನಾಲ್ಕನೇ ಒಂದು ಭಾಗ ಹೀಗೆ ನೀರುಪಾಲಾಗುತ್ತದೆ. ಆಮೇಲೆ ಲಡಿಗಳನ್ನು ಕೋಲಿಗೆ ಸಿಕ್ಕಿಸಿ, ಬಿಸಿ ಬಣ್ಣದ ನೀರಿನಲ್ಲಿ ಇಳಿಬಿಟ್ಟು, ಬಣ್ಣ ಎಲ್ಲ ಕಡೆ ಒಂದೇ ಸಮ ಹಿಡಿಯುವಂತೆ ತಿರುಗಿಸುತ್ತಲೇ ಇರಬೇಕು. ರೇಷ್ಮೆಗೆ ಹೆಚ್ಚಾಗಿ ಬಳಸುವುದು ಆಸಿಡ್ ಬಣ್ಣಗಳನ್ನು. ಅವು ಎಳೆಗೆ ಚೆನ್ನಾಗಿ ಹಿಡಿಯುವುದರಿಂದ ತೊಟ್ಟಿಯಲ್ಲಿ ಉಳಿಯುವುದು ಕಡಿಮೆ. ಕಡಿಮೆ ಎಂದರೂ ಚರಂಡಿಯ ನೀರು ಕೆಂಪಾಗಲು, ಹಸಿರಾಗಲು ಅಷ್ಟು ಸಾಕು. ಲೀಟರಿಗೆ ಕೆಲವೇ ಮಿಲಿಗ್ರಾಂ ಬಣ್ಣವಿದ್ದರೂ ಅದು ಕಣ್ಣಿಗೆ ಹೊಡೆಯುತ್ತದೆ.

ಹತ್ತಿ ಬಟ್ಟೆಯ ಕಥೆ ಬೇರೆ. ಅದಕ್ಕೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಹಲವು ಬಾರಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬಟ್ಟೆಗೆ ಹಿಡಿಯದೆ ಹೊರಬರುತ್ತದೆ. ಬಣ್ಣ ಹಿಡಿಯಲೆಂದು ತೊಟ್ಟಿಗೆ ಉಪ್ಪು ಸುರಿಯುತ್ತಾರೆ, ಅದೂ ಲೀಟರಿಗೆ 30ರಿಂದ 80 ಗ್ರಾಂವರೆಗೆ. ಒಂದು ಕೆ.ಜಿ. ಬಟ್ಟೆಗೆ ಬಣ್ಣ ಹಾಕಿ ತೊಳೆದು ಮುಗಿಸುವಷ್ಟರಲ್ಲಿ ನೂರು ಲೀಟರ್ ನೀರು ಖರ್ಚಾಗುವುದು ಸಾಮಾನ್ಯ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವ ಕಡೆಯಲ್ಲೆಲ್ಲ ಇದೇ ಬಣ್ಣ, ಇದೇ ಉಪ್ಪು.

ಇದ್ದಿಲಿನ ಹಳೆಯ ವಿದ್ಯೆ

ಕಲಕು ನೀರು ತಿಳಿಯಾಗಿಸಲು ಮರಳು, ಇದ್ದಿಲು ತುಂಬಿದ ಮಡಕೆಗಳನ್ನು ಒಂದರ ಮೇಲೊಂದು ಇಡುವ ಪಾಠವನ್ನು ಶಾಲೆಯಲ್ಲಿ ಓದದವರಿಲ್ಲ. ಇದ್ದಿಲಿಗೆ ಬಣ್ಣ ಹೀರುವ ಗುಣವಿದೆ ಎಂದು ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟವನು ಸೇಂಟ್ ಪೀಟರ್ಸ್‌ಬರ್ಗ್‌ನ ಔಷಧ ತಯಾರಕ ಯೋಹಾನ್ ಟೊಬಿಯಾಸ್ ಲೋವಿಟ್ಸ್. 1785ರಲ್ಲಿ ಅವನು ಟಾರ್ಟಾರಿಕ್ ಆಮ್ಲದ ಕಂದು ದ್ರಾವಣವನ್ನು ಇದ್ದಿಲಿನಿಂದ ತಿಳಿಯಾಗಿಸಿದ. ಮುಂದೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಯುರೋಪಿನ ಸಕ್ಕರೆ ಕಾರ್ಖಾನೆಗಳು ಮೂಳೆ ಇದ್ದಿಲಿನಿಂದ ಸಕ್ಕರೆ ಪಾಕದ ಬಣ್ಣ ತೆಗೆಯತೊಡಗಿದವು. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಡೆಯುವ ಮುಖವಾಡದೊಳಗೆ ಕುಳಿತದ್ದೂ ಇದ್ದಿಲೇ.

ಇದರ ಗುಟ್ಟಿರುವುದು ಮೈಯಲ್ಲಿ. ಕಟ್ಟಿಗೆ ಗಾಳಿಯಿಲ್ಲದೆ 300ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದಾಗ ನೀರು, ಅನಿಲ, ಟಾರು ಹೊರಟು ಇಂಗಾಲದ ಚೌಕಟ್ಟು ಉಳಿಯುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಚೆನ್ನಾಗಿ ಬೆಂದ ಒಂದು ಗ್ರಾಂ ಬಯೋಚಾರ್‌ನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆದೀತು. ಕಾರ್ಖಾನೆಯಲ್ಲಿ ಉಗಿ ಅಥವಾ ರಾಸಾಯನಿಕ ಕೊಟ್ಟು ಪಳಗಿಸಿದ ಆಕ್ಟಿವೇಟೆಡ್ ಕಾರ್ಬನ್‌ನಲ್ಲಿ ಅದು ಸಾವಿರ ದಾಟುತ್ತದೆ.

ರಂಧ್ರವಿದ್ದರಷ್ಟೇ ಸಾಲದು, ಮೈಯ ವಿದ್ಯುದಂಶವೂ ಹೊಂದಬೇಕು. ಬಣ್ಣಗಳಲ್ಲಿ ಕೆಲವು ಧನ ಅಂಶದವು, ಕೆಲವು ಋಣ ಅಂಶದವು. ಕಡಿಮೆ ಶಾಖದಲ್ಲಿ ಬೆಂದ ಇದ್ದಿಲಿನ ಮೈಮೇಲೆ ಆಮ್ಲಜನಕದ ಗುಂಪುಗಳು ಉಳಿದಿರುತ್ತವೆ, ಅವು ಧನ ಅಂಶದ ಬಣ್ಣವನ್ನು ಬರಸೆಳೆಯುತ್ತವೆ. ರೇಷ್ಮೆಯ ಆಸಿಡ್ ಬಣ್ಣ, ಹತ್ತಿಯ ರಿಯಾಕ್ಟಿವ್ ಬಣ್ಣ ಎರಡೂ ಋಣ ಅಂಶದವು. ಅವುಗಳನ್ನು ಹಿಡಿಯಬೇಕಾದರೆ ನೀರಿನ ಹುಳಿಯನ್ನು ಹೊಂದಿಸಬೇಕು, ಇಲ್ಲವೇ ಇದ್ದಿಲಿಗೆ ಕಬ್ಬಿಣ, ಮೆಗ್ನೀಸಿಯಂ ಲವಣಗಳ ಉಪಚಾರ ಮಾಡಬೇಕು.

ಪ್ರಬಂಧಗಳನ್ನು ಓದುವಾಗ ಎಚ್ಚರ ಬೇಕಿರುವುದು ಇಲ್ಲೇ. ಅವುಗಳಲ್ಲಿ ದೊಡ್ಡ ಪಾಲಿನವು ಪರೀಕ್ಷೆಗೆ ಆಯ್ದುಕೊಳ್ಳುವುದು ಮೆಥಿಲೀನ್ ಬ್ಲೂ. 1876ರಲ್ಲಿ ಜರ್ಮನಿಯಲ್ಲಿ ತಯಾರಾದ ಈ ನೀಲಿ ಧನ ಅಂಶದ್ದು. ಇದ್ದಿಲಿಗೆ ಬೇಗ ಒಲಿಯುತ್ತದೆ, ಅಳೆಯುವುದೂ ಸುಲಭ. ಶುದ್ಧ ನೀರಿಗೆ ಒಂದೇ ಬಣ್ಣ ಕಲಸಿ, ಬೀಕರಿನಲ್ಲಿ ಇದ್ದಿಲು ಹಾಕಿ ಅಲುಗಾಡಿಸಿ, ಶೇ 95ಕ್ಕೂ ಹೆಚ್ಚು ಬಣ್ಣ ಹೋಯಿತು ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಘಟಕದ ಕೊಳವೆಯಿಂದ ಬರುವ ನೀರಿನಲ್ಲಿ ನಾಲ್ಕಾರು ಬಣ್ಣ, ಸೋಪು, ಸೋಡಾ, ಗಂಜಿ, ಎಣ್ಣೆ, ಉಪ್ಪು ಎಲ್ಲ ಒಟ್ಟಿಗಿರುತ್ತವೆ. ಇದ್ದಿಲಿನ ಮೈ ಎಂದರೆ ಸಂತೆ ದಿನದ ಬಸ್ಸು. ಸೀಟು ಇಷ್ಟೇ, ಹತ್ತುವವರು ಬೇಕಾದಷ್ಟು. ಸೋಪು, ಗಂಜಿ ಮೊದಲೇ ಬಂದು ಕೂತರೆ ಬಣ್ಣಕ್ಕೆ ಜಾಗವಿಲ್ಲ.

ಯಾವ ಕಸ, ಎಷ್ಟು ಕಸ?

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಕಣ್ಣಿಗೆ ರಾಚುವ ಕಸ ಬಾಳೆದಿಂಡು. ಒಂದು ಹೆಕ್ಟೇರು ಬಾಳೆ ತೋಟದಲ್ಲಿ 60ರಿಂದ 80 ಟನ್ ದಿಂಡು ಸಿಗುತ್ತದೆ ಎಂಬ ಅಂದಾಜಿದೆ. ಕೇಳಿದ ಕೂಡಲೇ ಬಾಯಲ್ಲಿ ನೀರೂರುವ ಅಂಕಿ. ಆದರೆ ದಿಂಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಒಂದು ಟನ್ ದಿಂಡು ಒಣಗಿದರೆ ಉಳಿಯುವುದು ಹೆಚ್ಚೆಂದರೆ 100 ಕೆ.ಜಿ., ಅದನ್ನು ಬೇಯಿಸಿದರೆ ಸಿಗುವ ಇದ್ದಿಲು 30 ಕೆ.ಜಿ. ಸುತ್ತಮುತ್ತ, ಅದರಲ್ಲೂ ಬೂದಿಯಂಶ ಹೆಚ್ಚು. ಹೊಲದಿಂದ ಹೊತ್ತು ತರುವ ಕೂಲಿ, ಟ್ರಾಕ್ಟರ್ ಬಾಡಿಗೆ, ಒಣಗಿಸುವ ಕಣ, ಎಲ್ಲ ಸೇರಿದರೆ ಲೆಕ್ಕ ಕೂಡಿ ಬರುವುದಿಲ್ಲ. ದಿಂಡನ್ನು ಕೊಚ್ಚಿ ತೋಟದಲ್ಲೇ ಹಾಸಿದರೆ ಅದರ ಪೊಟ್ಯಾಷ್ ಮಣ್ಣಿಗಾದರೂ ದಕ್ಕುತ್ತದೆ. ಕೋಸಿನ ಸಿಪ್ಪೆ, ಕೊಳೆತ ಟೊಮೆಟೊ ಕೂಡ ಗೊಬ್ಬರಕ್ಕೋ ಬಯೋಗ್ಯಾಸಿಗೋ ಲಾಯಕ್ಕೇ ಹೊರತು ಇದ್ದಿಲಿಗಲ್ಲ.

ಜೋಳದ ಕಡ್ಡಿ ದನದ ಪಾಲು. ಕಾಡಂಚಿನ ಹಳ್ಳಿಗಳಲ್ಲಿ ದನಗಳಿಗೆ ಬರಗಾಲದಲ್ಲಿ ಅದೇ ಆಸರೆ. ಹತ್ತಿಕಡ್ಡಿ ಒಲೆಗೆ ಹೋಗುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಆಕ್ಟಿವೇಟೆಡ್ ಕಾರ್ಬನ್ ತಯಾರಕರ ಮಾರುಕಟ್ಟೆ ಆಗಲೇ ಇದೆ. ಕಸ ಎಂದು ಪ್ರಬಂಧದಲ್ಲಿ ಬರೆದದ್ದಕ್ಕೆಲ್ಲ ಊರಿನಲ್ಲಿ ಒಬ್ಬೊಬ್ಬ ಹಕ್ಕುದಾರ ಇರುತ್ತಾನೆ ಎಂಬುದನ್ನು ಮರೆಯಬಾರದು.

ಯಾರಿಗೂ ಬೇಡವಾದದ್ದು ಲಂಟಾನ ಒಂದೇ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಬ್ರಿಟಿಷರು ತಂದ ಈ ಅಮೆರಿಕದ ಪೊದೆ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಹುಲ್ಲನ್ನೂ ಎಳೆ ಸಸಿಗಳನ್ನೂ ಮುಚ್ಚಿಹಾಕಿದೆ. ಬೇಸಿಗೆಯಲ್ಲಿ ಒಣಗಿ ನಿಂತಾಗ ಕಾಳ್ಗಿಚ್ಚಿಗೆ ಏಣಿಯಾಗುವುದೂ ಅದೇ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ಈ ಕಡೆಯ ಜನ ಮರೆತಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು 'ಏಟ್ರೀ' ಎಂಬ ಪರಿಸರ ಸಂಶೋಧನಾ ಸಂಸ್ಥೆಯ ತರಬೇತಿಯಿಂದ ಲಂಟಾನದ ಕುರ್ಚಿ, ಮೇಜು ಮಾಡುತ್ತ ಬಂದಿದ್ದಾರೆ. ಕುರ್ಚಿಗೆ ಹದವಾದ ಕಡ್ಡಿ ಹೋದರೂ ಮುರುಕಲು, ಸೊಟ್ಟ ಕಡ್ಡಿಗಳ ರಾಶಿ ಉಳಿಯುತ್ತದೆ. ಇದ್ದಿಲಿಗೆ ಬೇಕಾದದ್ದು ಅದೇ.

ಸುಡುವ ವಿಧಾನ ಕಷ್ಟದ್ದಲ್ಲ. ನೆಲದಲ್ಲಿ ಶಂಕುವಿನಾಕಾರದ ಗುಂಡಿ ತೋಡಿ, ತಳದಲ್ಲಿ ಬೆಂಕಿ ಹೊತ್ತಿಸಿ, ಒಣ ಕಡ್ಡಿಗಳನ್ನು ತೆಳುವಾಗಿ ಹರಡುತ್ತ ಹೋಗಬೇಕು. ಒಂದು ಪದರದ ಮೇಲೆ ಬಿಳಿ ಬೂದಿ ಕಾಣಿಸಿಕೊಂಡ ಕೂಡಲೇ ಮುಂದಿನ ಪದರ. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ತಾನೇ ತಿಂದುಬಿಡುವುದರಿಂದ ಕೆಳಗಿನ ಕಟ್ಟಿಗೆ ಬೂದಿಯಾಗದೆ ಇದ್ದಿಲಾಗುತ್ತದೆ. ಗುಂಡಿ ತುಂಬಿದ ಮೇಲೆ ನೀರು ಹಾಕಿ ಆರಿಸಬೇಕು. 2014ರಲ್ಲಿ ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆ ಬಳಕೆಗೆ ತಂದ 'ಕೋನ್-ಟಿಕಿ' ಎಂಬ ಲೋಹದ ಕುಲುಮೆಯ ತತ್ವವೂ ಇದೇ. ಕಡ್ಡಿ ಹಸಿಯಾಗಿದ್ದರೆ ಮಾತ್ರ ಹೊಗೆ ವಿಪರೀತ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹುಲಿ ಮೀಸಲು ಪ್ರದೇಶದಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ. ಬೆಂಕಿಯ ಕೆಲಸವೂ ಕಾಡಿನಿಂದ ದೂರ ಊರ ಬಯಲಿನಲ್ಲೇ, ಬಿರುಬೇಸಿಗೆ ತಪ್ಪಿಸಿ ಆಗಬೇಕು.

ಈಗ ಒಂದು ಲೆಕ್ಕ. ದಿನಕ್ಕೆ 1 ಲಕ್ಷ ಲೀಟರ್ ನೀರು ಹೊರಬಿಡುವ ಘಟಕವೊಂದಿದೆ, ಆ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಬಣ್ಣವಿದೆ, ಒಂದು ಗ್ರಾಂ ಇದ್ದಿಲು 50 ಮಿಲಿಗ್ರಾಂ ಬಣ್ಣ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ದಿನದ ಬಣ್ಣ 10 ಕೆ.ಜಿ. ಅದಕ್ಕೆ ಬೇಕಾದ ಇದ್ದಿಲು 200 ಕೆ.ಜಿ. ವರ್ಷಕ್ಕೆ 300 ದಿನ ಘಟಕ ನಡೆದರೆ 60 ಟನ್. ಒಣ ಕಡ್ಡಿಯ ನಾಲ್ಕನೇ ಒಂದು ಭಾಗ ಇದ್ದಿಲಾಗುತ್ತದೆ ಎಂದರೆ 240 ಟನ್ ಒಣ ಲಂಟಾನ ಬೇಕು. ಇದು ಕಾಗದದ ಮೇಲಿನ ಕನಿಷ್ಠ. ಸೋಪು, ಗಂಜಿಗಳ ಪೈಪೋಟಿ ಸೇರಿದರೆ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಅದೇ ದಿನಕ್ಕೆ 1,000 ಲೀಟರ್ ನೀರು ಬಿಡುವ, ಲೀಟರಿಗೆ 50 ಮಿಲಿಗ್ರಾಂ ಬಣ್ಣ ಉಳಿಯುವ ಸಣ್ಣ ರೇಷ್ಮೆ ಬಣ್ಣಗಾರಿಕೆಗೆ ಲೆಕ್ಕದ ಪ್ರಕಾರ ದಿನಕ್ಕೆ 1 ಕೆ.ಜಿ., ಧಾರಾಳವಾಗಿ ಹಿಡಿದರೂ 2-3 ಕೆ.ಜಿ. ಇದ್ದಿಲು ಸಾಕು. ಒಂದು ಡ್ರಮ್ಮಿನೊಳಗೆ ಮುಗಿಯುವ ಕೆಲಸ.

ಕಾಣದ ಉಪ್ಪು

ನಮ್ಮ ನೆರೆಯ ತಿರುಪ್ಪೂರಿನ ಪಾಠ ಇಲ್ಲಿ ನೆನಪಾಗಬೇಕು. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ ದಾಟಿದರೆ ಆ ಸೀಮೆ ದೂರವೇನಲ್ಲ. ಬನಿಯನ್ನು, ಟಿ-ಶರ್ಟುಗಳ ಊರು ಎಂದು ಲೋಕಕ್ಕೆಲ್ಲ ಹೆಸರಾದ ತಿರುಪ್ಪೂರಿನ ಬಣ್ಣದ ನೀರು ಕಾವೇರಿಯ ಉಪನದಿ ನೊಯ್ಯಲ್‌ಗೆ ಹರಿಯಿತು. ಕೃಷಿಗೆಂದು ಆ ನದಿಗೆ ಒರತ್ತುಪಾಳಯಂನಲ್ಲಿ ಕಟ್ಟಿದ ಅಣೆಕಟ್ಟು 1990ರ ದಶಕದಲ್ಲಿ ಕೊಳಚೆಯ ತೊಟ್ಟಿಯಾಯಿತು. ಕಡೆಗೆ ಅಚ್ಚುಕಟ್ಟಿನ ರೈತರೇ ಈ ನೀರು ಬಿಡಬೇಡಿ ಎಂದು ಬೇಡಿಕೊಳ್ಳುವ ಸ್ಥಿತಿ ಬಂತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿಯೂ ಹೊರಹೋಗದಂತೆ ನೀರನ್ನೂ ಉಪ್ಪನ್ನೂ ಮರಳಿ ಪಡೆಯುವ ವ್ಯವಸ್ಥೆ ಇದ್ದವರಿಗಷ್ಟೇ ಬಾಗಿಲು ತೆರೆಯುವ ಅವಕಾಶ ಸಿಕ್ಕಿತು.

ರೈತರ ಬಾವಿಗಳನ್ನು ಕೆಡಿಸಿದ್ದರಲ್ಲಿ ಬಣ್ಣಕ್ಕಿಂತ ಉಪ್ಪಿನ ಪಾತ್ರ ದೊಡ್ಡದು. ನಮ್ಮ ಲೆಕ್ಕದ ಘಟಕ ಹತ್ತಿ ಬಟ್ಟೆಯದಾಗಿದ್ದರೆ, ತೊಳೆದ ನೀರೆಲ್ಲ ಬೆರೆತ ಮೇಲೂ ಲೀಟರಿಗೆ 6 ಗ್ರಾಂ ಕರಗಿದ ಲವಣ ಇರಬಹುದು. ಲಕ್ಷ ಲೀಟರಿಗೆ ಅದು 600 ಕೆ.ಜಿ. ಬಣ್ಣ 10 ಕೆ.ಜಿ., ಉಪ್ಪು 600 ಕೆ.ಜಿ. ಇದ್ದಿಲು ಆ ಹತ್ತನ್ನು ಹಿಡಿದು ಆರುನೂರನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಕರಗಿದ ಉಪ್ಪಿನ ಸೋಡಿಯಂ ಅದರ ರಂಧ್ರಗಳಲ್ಲಿ ನಿಲ್ಲುವುದೇ ಇಲ್ಲ. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಹೊರಡಿಸಿದ ಜವಳಿ ಉದ್ಯಮದ ಮಾನದಂಡದಲ್ಲಿ ಬಣ್ಣಕ್ಕೊಂದು ಮಿತಿಯಿದೆ, ಕರಗಿದ ಲವಣಕ್ಕೆ ಪ್ರತ್ಯೇಕವಾಗಿ ಲೀಟರಿಗೆ 2,100 ಮಿಲಿಗ್ರಾಂ ಮಿತಿಯಿದೆ. ಮೊದಲನೆಯದಕ್ಕೆ ಇದ್ದಿಲು ಸಾಕಾದೀತು. ಎರಡನೆಯದಕ್ಕೆ ಆರ್‌ಒ ಘಟಕ, ಉಳಿದ ಉಪ್ಪುನೀರನ್ನು ಬತ್ತಿಸುವ ಯಂತ್ರ, ಅದಕ್ಕೆ ತಕ್ಕ ವಿದ್ಯುತ್ತು ಬೇಕು.

ಅಪಾಯ ಇರುವುದೂ ಇಲ್ಲಿಯೇ. ಕೆಂಪು ನೀರು ಹರಿದರೆ ಊರು ಗಲಾಟೆ ಮಾಡುತ್ತದೆ. ಬಣ್ಣ ತೆಗೆದ ಉಪ್ಪುನೀರು ಹರಿದರೆ ಯಾರೂ ಕೇಳುವುದಿಲ್ಲ. ವರ್ಷಗಳು ಕಳೆದ ಮೇಲೆ ಬಾವಿಯ ನೀರು ಸಪ್ಪೆಯಿಂದ ಸವಳಾದಾಗ, ಜೇಡಿಮಣ್ಣು ಗಟ್ಟಿಯಾಗಿ ನೇಗಿಲಿಗೆ ಸಿಗದೆ ಹೋದಾಗ ಗೊತ್ತಾಗುತ್ತದೆ. ತಿಳಿಯಾದ ನೀರಿನ ಲೋಟ ಹಿಡಿದು ಫೋಟೊ ತೆಗೆಸಿಕೊಳ್ಳುವವರನ್ನು ಕಂಡಾಗ ಕೇಳಬೇಕಾದದ್ದು ಟಿಡಿಎಸ್, ಅಂದರೆ ಕರಗಿದ ಲವಣ, ಎಷ್ಟು ಎಂದು.

ಬಳಸಿದ ಇದ್ದಿಲು ಎಲ್ಲಿಗೆ?

ಬಣ್ಣವನ್ನು ಇದ್ದಿಲು ಕೊಲ್ಲುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ಕೆಲವು ಅಜೋ ಬಣ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೈನುಗಳು ಹುಟ್ಟುತ್ತವೆ, ಕೆಲವು ರೇಷ್ಮೆ ಬಣ್ಣಗಳಲ್ಲಿ ಕ್ರೋಮಿಯಂ ಇರುತ್ತದೆ. ಬಣ್ಣ ತುಂಬಿದ ಇದ್ದಿಲನ್ನು ತಿಪ್ಪೆಗೆ ಎಸೆದರೆ ಮಳೆನೀರಿಗೆ ಅದು ಮತ್ತೆ ಬಿಟ್ಟುಕೊಡುತ್ತದೆ. ಬಯೋಚಾರ್ ಮಣ್ಣಿಗೆ ಒಳ್ಳೆಯದು ಎಂಬ ಮಾತು ಈಗ ರೈತರ ಕಿವಿಗೂ ಬಿದ್ದಿದೆ. ಅದು ಶುದ್ಧ ಬಯೋಚಾರ್ ಬಗ್ಗೆ ಹೇಳಿದ ಮಾತು. ಬಣ್ಣ ಕುಡಿದ ಇದ್ದಿಲನ್ನು ಗೊಬ್ಬರದ ಹೆಸರಿನಲ್ಲಿ ಹೊಲಕ್ಕೆ ಸುರಿಯುವುದು ಅಪರಾಧವೆಂದೇ ತಿಳಿಯಬೇಕು. ಅದರ ದಾರಿ ಎರಡೇ. ಅಪಾಯಕಾರಿ ತ್ಯಾಜ್ಯವೆಂದು ದಾಖಲಿಸಿ ಡಾಬಸ್‌ಪೇಟೆಯಂಥ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಕಳಿಸುವುದು, ಇಲ್ಲವೇ ಅನುಮತಿ ಪಡೆದ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಕೊಡುವುದು. ಸಿಮೆಂಟ್ ಕುಲುಮೆಯ ಶಾಖದಲ್ಲಿ ಬಣ್ಣದ ಅಣುಗಳು ಉಳಿಯಲಾರವು. ಇದ್ದಿಲಿಗೆ ಕಾವು ಕೊಡುವ ಗುಣ ಹೇಗೂ ಇದೆ.

ಜಿಲ್ಲೆಗೆ ಯಾವುದು ಸರಿ?

ಇಷ್ಟೆಲ್ಲ ಹೇಳಿದ್ದು ಇದ್ದಿಲನ್ನು ತಳ್ಳಿಹಾಕಲಿಕ್ಕಲ್ಲ, ಅದಕ್ಕೆ ತಕ್ಕ ಜಾಗ ಹುಡುಕಲಿಕ್ಕೆ. ಕೊಳ್ಳೇಗಾಲದಂಥ ಪಟ್ಟಣದ ಸಣ್ಣ ರೇಷ್ಮೆ ಬಣ್ಣಗಾರರಿಗೆ ಕೋಟಿಗಟ್ಟಲೆ ಬೆಲೆಯ ಶುದ್ಧೀಕರಣ ಘಟಕ ಕೈಗೆಟುಕುವ ಮಾತಲ್ಲ. ರೇಷ್ಮೆಗೆ ಹತ್ತಿಯಷ್ಟು ಉಪ್ಪು ಬೇಡ, ಉಳಿಯುವ ಬಣ್ಣವೂ ಕಡಿಮೆ. ಗೋಂದು ತೆಗೆದ ಸೋಪಿನ ನೀರನ್ನು ಬಣ್ಣದ ನೀರಿನೊಂದಿಗೆ ಬೆರೆಸದೆ ಬೇರೆ ತೊಟ್ಟಿಗೆ ಬಿಟ್ಟು, ಬಣ್ಣದ ನೀರನ್ನಷ್ಟೇ ತಣಿಸಿ, ಹುಳಿ ಹೊಂದಿಸಿ, ಇದ್ದಿಲು ತುಂಬಿದ ಡ್ರಮ್ಮುಗಳ ಮೂಲಕ ಹಾಯಿಸಿದರೆ ಕಡಿಮೆ ಖರ್ಚಿನಲ್ಲಿ ಚರಂಡಿಯ ಬಣ್ಣ ಇಳಿಯುತ್ತದೆ. ಬಳಸಿದ ಇದ್ದಿಲನ್ನು ಹತ್ತಾರು ಮನೆಗಳಿಂದ ಒಟ್ಟುಗೂಡಿಸಿ ಸಾಗಿಸುವ ಹೊಣೆಯನ್ನು ನೇಕಾರರ ಸಹಕಾರ ಸಂಘ ಮತ್ತು ನಗರಸಭೆ ಹೊತ್ತರೆ ಸಾಕು. ಲಂಟಾನ ಕಡಿದು ಇದ್ದಿಲು ಮಾಡುವ ಕೂಲಿ ಕಾಡಂಚಿನ ಸೋಲಿಗರಿಗೆ, ಜೇನುಕುರುಬರಿಗೆ ಸಿಗಲಿ. ಸುತ್ತಲಿನ ಕಾಲೇಜುಗಳ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಮೆಥಿಲೀನ್ ಬ್ಲೂ ಬದಿಗಿಟ್ಟು ಕೊಳ್ಳೇಗಾಲದ ಚರಂಡಿಯಿಂದಲೇ ನೀರು ತಂದು, ಬಣ್ಣದ ಜೊತೆಗೆ ಟಿಡಿಎಸ್, ಕ್ರೋಮಿಯಂ ಕೂಡ ಅಳೆದು ಬರೆದರೆ ಅದು ಊರಿಗೆ ಉಪಕಾರವಾಗುವ ಪ್ರಬಂಧವಾದೀತು.

ಹತ್ತಿ ಬಟ್ಟೆಯ ದೊಡ್ಡ ಬಣ್ಣದ ಘಟಕಗಳ ವಿಷಯದಲ್ಲಿ ಇದ್ದಿಲು ಕೊನೆಯ ಹಂತದ ಸಹಾಯಕ ಮಾತ್ರ. ಬಯೋಚಾರ್ ಇದೆಯಲ್ಲ ಎಂಬ ನೆಪದಲ್ಲಿ ಅಂಥ ಘಟಕವನ್ನು ನೀರಿಗೆ ಬಡವಾದ ಈ ಜಿಲ್ಲೆಗೆ ಕರೆತರುವುದು ತಿರುಪ್ಪೂರಿನ ತಪ್ಪನ್ನು ಗೊತ್ತಿದ್ದೂ ಮಾಡಿದಂತೆ. ನಿಮ್ಮ ಊರಿನ ಹತ್ತಿರ ಬಣ್ಣದ ಘಟಕ ಬರುತ್ತದೆಂದು ಅಹವಾಲು ಸಭೆ ಕರೆದರೆ ತಪ್ಪದೆ ಹೋಗಿ. ಉಪ್ಪು ಎಲ್ಲಿಗೆ ಹೋಗುತ್ತದೆ, ಬಳಸಿದ ಇದ್ದಿಲು ಎಲ್ಲಿಗೆ ಹೋಗುತ್ತದೆ, ಸುತ್ತಲಿನ ಕೊಳವೆಬಾವಿಗಳ ನೀರನ್ನು ವರ್ಷಕ್ಕೆ ಎಷ್ಟು ಸಲ ಪರೀಕ್ಷಿಸಿ ಪಂಚಾಯಿತಿ ಬೋರ್ಡಿನಲ್ಲಿ ಹಾಕುತ್ತೀರಿ ಎಂದು ಕೇಳಿ. ಮೂರಕ್ಕೂ ಉತ್ತರ ಬರಹದಲ್ಲಿ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.